ಒಂದೇ ಲಾಂದ್ರದ ನಾಟಕಕ್ಕೆ ಒಂದು ಅಗ್ಗದ ಲೆನ್ಸು

"ಫೋಟೋಗ್ರಾಫರ್ ಯಾಕೆ? ನಾನೇನು ಸತ್ತಿದ್ದೀನಾ?"

ಡೆಂಟ್ ಸಾಹೇಬರು ಬೆಳಗಿನ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೀಗೆ ಘೋಷಿಸಿದರು. ಅವರು ಸತ್ತಿಲ್ಲ ಎಂಬುದನ್ನು ಹೆಂಡತಿ ತಕ್ಷಣ ಒಪ್ಪಿಕೊಂಡಳು. ಫೋಟೋಗ್ರಾಫರ್ ಬೇಡ ಎಂಬುದನ್ನು ಒಪ್ಪಿಕೊಳ್ಳಲು ಮಾತ್ರ ಅವಳಿಗೆ ಎರಡು ದಿನ ಹಿಡಿಯಿತು. ಆ ಎರಡು ದಿನವೂ ಸಾಹೇಬರು ಬಿಡಲಿಲ್ಲ. ಹದಿನೆಂಟು ವರ್ಷದಿಂದ ಕ್ಯಾಮೆರಾ ಹಿಡಿದ ಕೈ ಮನೆಯಲ್ಲೇ ಇರುವಾಗ, ಹೊರಗಿನವನನ್ನು ಕರೆಸುವುದೆಂದರೆ ಆ ಕೈಗೇ ಅವಮಾನ ಎಂದರು.

ಆ ಕೈ ಹದಿನೆಂಟು ವರ್ಷದಿಂದ ತೆಗೆದದ್ದೇನು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಾಹೇಬರು ವಿಮಾ ಕಂಪನಿಯಲ್ಲಿ ಅಪಘಾತದ ವಾಹನಗಳ ತಪಾಸಣೆ ಮಾಡುವವರು. ಗುದ್ದಿಸಿಕೊಂಡು ಬಂದ ಕಾರಿನ ಸುತ್ತ ಒಂದು ಸುತ್ತು ಹಾಕಿ, ಎಲ್ಲಿ ತಗ್ಗಾಗಿದೆ, ಎಲ್ಲಿ ಗೀಚಿದೆ, ಯಾವ ದೀಪ ಒಡೆದಿದೆ ಎಂದು ಫೋಟೋ ತೆಗೆದು ವರದಿ ಬರೆಯುವುದು ಅವರ ಕೆಲಸ. ಗ್ಯಾರೇಜಿನವರು ಅವರಿಗೆ ಡೆಂಟ್ ಸಾಹೇಬರು ಎಂದು ಹೆಸರಿಟ್ಟಿದ್ದರು. ಅವರ ಕಣ್ಣಿಗೆ ಸಿಕ್ಕದ ತಗ್ಗಿಲ್ಲ. ಯಾರಾದರೂ ಹೊಸ ಮನೆ ಕಟ್ಟಿ ಕರೆದರೆ, ಒಳಗೆ ಕಾಲಿಡುವ ಮೊದಲೇ ಅವರ ದೃಷ್ಟಿ ಗೋಡೆಯ ಬಿರುಕಿನ ಮೇಲೆ ಹೋಗಿ ಕೂರುತ್ತಿತ್ತು. ಹಾಗಾಗಿ ಎರಡನೇ ಸಲ ಕರೆಯುವವರು ಕಡಿಮೆ.

ಈಗ ಹೆಂಡತಿಯ ವಿಷಯ. ಅವಳು ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನ ಹಿಂದೆ ಕೂರುವವಳು. ಕಾಲೇಜಿನಲ್ಲಿದ್ದಾಗ ನಾಟಕವಾಡುತ್ತಿದ್ದಳಂತೆ. ಒಮ್ಮೆ ಮೊದಲ ಬಹುಮಾನ ಬಂದಿತ್ತಂತೆ. 'ಅಂತೆ' ಎನ್ನಲು ಕಾರಣ, ಆ ದಿನಗಳ ಒಂದೇ ಒಂದು ಫೋಟೋ ಇಲ್ಲ. ಮಗಳಂತೂ ಚಿಕ್ಕಂದಿನಿಂದಲೂ ಇದನ್ನು ನಂಬಿದವಳಲ್ಲ. ದಿನವಿಡೀ 'ಶ್' ಎನ್ನುವುದನ್ನು ಬಿಟ್ಟರೆ ಅಮ್ಮನ ಬಾಯಲ್ಲಿ ಬೇರೆ ಡೈಲಾಗು ಎಲ್ಲಿ ಬರುತ್ತದೆ ಎಂದು ನಗುತ್ತಿದ್ದಳು. ಅಮ್ಮನೂ ಜೊತೆಗೆ ನಗುತ್ತಿದ್ದಳು, ಆದರೆ ಸ್ವಲ್ಪ ತಡವಾಗಿ.

ಇಪ್ಪತ್ತಮೂರು ವರ್ಷದ ನಂತರ ಆಕೆ ಮತ್ತೆ ರಂಗ ಹತ್ತಲಿದ್ದಳು. ನೌಕರರ ನಾಟಕ ತಂಡವೊಂದು ಅವಳನ್ನು ಕರೆದು ಮುಖ್ಯ ಪಾತ್ರವನ್ನೇ ಕೊಟ್ಟಿತ್ತು. ಸಮುದ್ರದ ನಡುವಿನ ಒಂಟಿ ದೀಪಸ್ತಂಭವನ್ನು ಕಾಯುವ ಹೆಂಗಸಿನ ಪಾತ್ರ. ಒಂದೇ ಪ್ರದರ್ಶನ. ಹಾಸ್ಟೆಲಿನಲ್ಲಿದ್ದ ಮಗಳಿಗೆ ಮಾರನೇ ದಿನವೇ ಪರೀಕ್ಷೆಯಾದ್ದರಿಂದ ಬರುವಂತಿರಲಿಲ್ಲ. ಫೋಟೋ ಕಳಿಸಮ್ಮ, ನೋಡಿದ ಮೇಲೆ ನಂಬ್ತೀನಿ ಎಂದಿದ್ದಳು. ಹೆಂಡತಿಗೆ ಬೇಕಾಗಿದ್ದದ್ದು ಅಷ್ಟೇ, ಮಗಳಿಗೆ ತೋರಿಸಲು ಒಂದು ಒಳ್ಳೆಯ ಫೋಟೋ. ಅದನ್ನು ಆಕೆ ಯಾರ ಕೈಗೆ ಒಪ್ಪಿಸಿದಳು ನೋಡಿ!

ನಾಟಕದ ನಿರ್ದೇಶಕರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ನಟರಿಗೆಲ್ಲ "ಬಾಯಿ ಪೂರ್ತಿ ತೆರೀರಿ" ಎನ್ನುವುದು ಅವರ ಅಭ್ಯಾಸ. ಇಡೀ ನಾಟಕ ಒಂದೇ ಒಂದು ಲಾಂದ್ರದ ಬೆಳಕಿನಲ್ಲಿ ನಡೆಯಬೇಕು, ಫ್ಲ್ಯಾಶ್ ಹೊಡೆದವರನ್ನು ಹೊರಗೆ ಕಳಿಸಲಾಗುವುದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಸಾಹೇಬರ ಕ್ಯಾಮೆರಾ ಹೊಸದಾಗಿ ಕಲಿಯುವವರಿಗೆಂದು ಮಾಡಿದ ಅಗ್ಗದ್ದು. ಅದರ ಜೊತೆಗೆ ಬಂದಿದ್ದ ಲೆನ್ಸು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಾನೆಟ್ಟಿನ ತಗ್ಗು ತೆಗೆಯಲು ಸಾಕು. ಲಾಂದ್ರದ ಬೆಳಕಿನಲ್ಲಿ ಅದು ತೆಗೆದ ಮೊದಲ ಫೋಟೋದಲ್ಲಿ ಹೆಂಡತಿ ಕಲ್ಲಿದ್ದಲಿನ ರಾಶಿಯ ಮುಂದೆ ಹಾರಾಡುವ ಹೊಗೆಯಾಗಿ ಬಂದಿದ್ದಳು.

ಹೀಗೆ ಲೆನ್ಸಿನ ಅಧ್ಯಯನ ಆರಂಭವಾಯಿತು. ಸಾಹೇಬರು ಮೂರು ವಾರ ಓದಿದರು, ವಿಡಿಯೋ ನೋಡಿದರು, ಗೆರೆ ಎಳೆದ ನೋಟುಪುಸ್ತಕವೊಂದರಲ್ಲಿ ಟಿಪ್ಪಣಿ ಮಾಡಿದರು. ಮಂದ ಬೆಳಕಿನ ಲೆನ್ಸು ಎಂದರೆ ಬಾಯಿ ಅಗಲವಿರುವ ಲೆನ್ಸು, ಎಷ್ಟು ಅಗಲವೋ ಅಷ್ಟು ಬೆಳಕು ಒಳಗೆ. ಆದರೆ ಅದನ್ನು ಸೂಚಿಸುವ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಇದನ್ನು ಅವರು ತಟ್ಟೆ, ಮುಚ್ಚಳ, ಸೋಸುವ ಜರಡಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹೆಂಡತಿಗೆ ಮುಕ್ಕಾಲು ಗಂಟೆ ವಿವರಿಸಿದರು. ಎಲ್ಲ ಕೇಳಿದ ಆಕೆ, ಹಾಗಾದರೆ ಸೊನ್ನೆ ಅಂಕಿಯದನ್ನೇ ತಂದುಬಿಡಿ, ಬರೀ ತೂತೇ ಇರುತ್ತೆ, ಅಗ್ಗವೂ ಆಗುತ್ತೆ ಎಂದು ಜರಡಿಯನ್ನು ಎತ್ತಿಕೊಂಡು ಹೋದಳು.

ಹತ್ತಿರ ದೂರ ಎರಡನ್ನೂ ತೆಗೆಯುವ ಅಗಲಬಾಯಿಯ ಜೂಮ್ ಲೆನ್ಸಿನ ಬೆಲೆ ಕೇಳಿದ ದಿನ ಸಾಹೇಬರು ಊಟ ಕಡಿಮೆ ಮಾಡಿದರು. ಕೊನೆಗೆ ಎಲ್ಲ ವಿದ್ವಾಂಸರೂ ಒಪ್ಪಿ ಹೊಗಳಿದ ಬಡವರ ಬಂಧು ಸಿಕ್ಕಿತು. ಐವತ್ತು ಎಂಎಂ ಲೆನ್ಸು, ಬಾಯಿಯ ಅಂಕಿ ಒಂದು ಪಾಯಿಂಟ್ ಎಂಟು. ಜೂಮ್ ಇಲ್ಲ, ಇದ್ದಲ್ಲಿಂದ ನಾವೇ ಮುಂದೆ ಹಿಂದೆ ನಡೆಯಬೇಕು. ಅದರಲ್ಲೂ ಎರಡು ಬಗೆ. ಹೊಸದರ ಒಳಗೇ ಫೋಕಸ್ ಮಾಡುವ ಪುಟ್ಟ ಮೋಟಾರು ಇರುತ್ತದೆ. ಹಳೆಯದರಲ್ಲಿ ಇರುವುದಿಲ್ಲ, ಅದಕ್ಕೆ ಕ್ಯಾಮೆರಾದ ಹೊಟ್ಟೆಯಲ್ಲಿ ಮೋಟಾರು ಇರಬೇಕು, ಸಾಹೇಬರಂಥವರ ಅಗ್ಗದ ಕ್ಯಾಮೆರಾದಲ್ಲಿ ಅದೂ ಇರುವುದಿಲ್ಲ. 'ಮೋಟಾರು ಇರುವುದನ್ನೇ ಕೊಳ್ಳತಕ್ಕದ್ದು' ಎಂದು ನೋಟುಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದುಕೊಂಡೇ ಅವರು ಹಳೇ ಕ್ಯಾಮೆರಾ ಮಾರುವ ಅಂಗಡಿಗೆ ಹೊರಟರು.

ಅಂಗಡಿಯವನು ಗಾಜಿನ ಕಪಾಟಿನಿಂದ ಒಂದು ಐವತ್ತು ಎಂಎಂ ತೆಗೆದು ಕೈಗಿತ್ತ. ಸಾಹೇಬರು ಜೇಬಿನಿಂದ ಟಾರ್ಚು ತೆಗೆದರು, ಭೂತಗನ್ನಡಿ ತೆಗೆದರು, ಅಳತೆಪಟ್ಟಿಯನ್ನೂ ತೆಗೆದರು. ಲೆನ್ಸಿನ ಲೋಹದ ಅಂಚಿನಲ್ಲಿ ನಾಲ್ಕು ಮಿಲಿಮೀಟರಿನ ಒಂದು ಗೀರು! ಸಾಹೇಬರ ಮೈಯಲ್ಲಿ ಹದಿನೆಂಟು ವರ್ಷದ ಅನುಭವ ಎದ್ದು ನಿಂತಿತು. ಈ ಗೀರು ಎಲ್ಲಿ ಬಿತ್ತು, ಯಾವ ಕೋನದಲ್ಲಿ ಬಿತ್ತು, ಬಿದ್ದಾಗ ಕೆಳಗೆ ಸಿಮೆಂಟಿತ್ತೋ ಕಲ್ಲಿತ್ತೋ ಎಂದು ಶುರುಮಾಡಿದರು. ಅಂಗಡಿಯವನು ನಡುವೆ ಎರಡು ಸಲ, ಸಾರ್ ನಿಮ್ಮ ಕ್ಯಾಮೆರಾ ಯಾವುದು ಎಂದು ಕೇಳಲು ಬಾಯಿ ತೆರೆದ. ಎರಡು ಸಲವೂ ಸಾಹೇಬರು ಕೈ ಎತ್ತಿ, "ಮೊದಲು ಈ ಗೀರಿಗೆ ಉತ್ತರ ಹೇಳಿ" ಎಂದರು. ಅರ್ಧ ಗಂಟೆಯಲ್ಲಿ ಅವನು ಸೋತು, ಹೇಳಿದ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಸಿದ. ಮಾರಿದ್ದು ಮರಳಿ ತೆಗೆದುಕೊಳ್ಳುವುದಿಲ್ಲ ಎಂದು ರಸೀತಿಯ ಮೇಲೆ ಬರೆದೂ ಕೊಟ್ಟ.

ಮನೆಗೆ ಬಂದು ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿ, ಗುಂಡಿ ಒತ್ತಿದರು. ಲೆನ್ಸು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ನೋಟುಪುಸ್ತಕ ತೆರೆದು, ಎರಡು ಗೆರೆ ಎಳೆದಿದ್ದ ಆ ಸಾಲನ್ನು ಬಹಳ ಹೊತ್ತು ನೋಡುತ್ತಾ ಕುಳಿತರು. ಗೀರು ಹುಡುಕುವ ಭರದಲ್ಲಿ ಮೋಟಾರು ಕೇಳುವುದು ಮರೆತುಹೋಗಿತ್ತು.

ಹೆಂಡತಿ ಬಂದು ಏನಾಯ್ತು ಎಂದು ಕೇಳಿದಾಗ ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪ್ರದರ್ಶನಕ್ಕೆ ಇನ್ನೂ ಹತ್ತು ದಿನವಿತ್ತು, ಫೋಟೋಗ್ರಾಫರನ್ನು ಮತ್ತೆ ಕರೆಯಬಹುದಿತ್ತು. ಆದರೆ ಸಾಹೇಬರ ನಾಲಿಗೆ ಅವರ ಅಪ್ಪಣೆಯನ್ನೇ ಕೇಳದೆ, ನಿಜವಾದ ಕಲಾವಿದರು ಫೋಕಸ್ಸನ್ನು ಕೈಯಲ್ಲೇ ಮಾಡುತ್ತಾರೆ, ಮೋಟಾರು ಗೀಟಾರು ಎಲ್ಲ ಮಕ್ಕಳಾಟ ಎಂದುಬಿಟ್ಟಿತು. ಹೆಂಡತಿ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ, ನಿಮ್ಮನ್ನೇ ನಂಬಿಕೊಂಡಿದ್ದೀನಿ ಎಂದಷ್ಟೇ ಹೇಳಿ ತನ್ನ ಮಾತುಗಳನ್ನು ಬಾಯಿಪಾಠ ಮಾಡಲು ಹೋದಳು.

ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಇಳಿದರು. ಮೈಮೇಲೆ ಬನಿಯನ್ನು, ಚಡ್ಡಿ, ಕೊರಳಲ್ಲಿ ಕ್ಯಾಮೆರಾ. ಹಜಾರದ ಕಿಟಕಿಗಳಿಗೆಲ್ಲ ಹೊದಿಕೆ ಕಟ್ಟಿ ಕತ್ತಲು ಮಾಡಿದ್ದಾಯಿತು. ಲಾಂದ್ರ ಹಿಡಿದು ಹೆಂಡತಿ ಗೋಡೆಯ ಬಳಿ ನಿಂತು ಬಿರುಗಾಳಿಯ ದೃಶ್ಯ ಶುರುಮಾಡಿದಳು. ಹತ್ತಿರದಿಂದ ತೆಗೆದರೆ ಮೂಗು ಸ್ಪಷ್ಟ, ಕಿವಿ ಮಂಜು. ಕಿವಿ ಸರಿಮಾಡಿದರೆ ಮೂಗು ಮಾಯ. ಇಡೀ ಆಳು ಬರಬೇಕಾದರೆ ಹಿಂದೆ ಹೋಗಬೇಕು. ಸಾಹೇಬರು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಒಂದೊಂದೇ ಹೆಜ್ಜೆ ಹಿಂದೆ ಹೋದರು. ಸೋಫಾ ದಾಟಿದರು, ಚಪ್ಪಲಿ ಗೂಡು ದಾಟಿದರು, ಹೊಸ್ತಿಲನ್ನೂ ದಾಟಿದರು. ತಲೆಯಿಂದ ಪಾದದವರೆಗೆ ಹೆಂಡತಿ ಚೌಕಟ್ಟಿನೊಳಗೆ ಬಂದಳು ಎನ್ನುವಷ್ಟರಲ್ಲಿ ಗಾಳಿಗೆ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಒಳಗಿನಿಂದ ತಾನೇ ಬೀಗ ಬೀಳುವ ಬಾಗಿಲು ಅದು.

ಸಾಹೇಬರು ಬಾಗಿಲು ಬಡಿದರು. ಒಳಗಿನಿಂದ ಹೆಂಡತಿಯ ಗಂಭೀರ ಕಂಠ ಕೇಳಿಸಿತು:

"ಬಡಿ ಬಿರುಗಾಳಿಯೇ, ಬಡಿ! ಈ ಬಾಗಿಲನ್ನು ನಾನು ತೆರೆಯುವುದಿಲ್ಲ!"

ಸಾಹೇಬರು ಇನ್ನೂ ಜೋರಾಗಿ ಬಡಿದರು. ದೃಶ್ಯಕ್ಕೆ ಒಳ್ಳೆಯ ಕಳೆ ಕಟ್ಟಿದ್ದು ಕಂಡು ಆಕೆಯೂ ಉತ್ಸಾಹದಿಂದ ಇನ್ನೂ ಜೋರಾಗಿ ನಿರಾಕರಿಸಿದಳು. ಈ ಗದ್ದಲಕ್ಕೆ ಎದುರುಮನೆಯ ಬಾಗಿಲು ತೆರೆಯಿತು. ಸಾಹೇಬರು ಗಾಬರಿಯಿಂದ ಕ್ಯಾಮೆರಾ ಸಮೇತ ಅತ್ತ ತಿರುಗಿದರು. ಎದುರುಮನೆಯ ಹೆಂಗಸು ತಲೆಗೆ ಟವೆಲು ಸುತ್ತಿಕೊಂಡು, ಬನಿಯನ್ನು ಚಡ್ಡಿಯಲ್ಲಿ ತನ್ನ ಬಾಗಿಲಿಗೇ ಕ್ಯಾಮೆರಾ ಗುರಿ ಹಿಡಿದು ನಿಂತ ನೆರೆಮನೆಯ ಗೌರವಸ್ಥರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಾಹೇಬರು ಫೋಕಸ್ಸು ಎಂದರು. ಆಕೆ ಬಾಗಿಲು ಮುಚ್ಚಿ, ಒಂದಲ್ಲ, ಎರಡು ಚಿಲಕ ಹಾಕಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದಾಚೆ ಸಾಹೇಬರು ಮೆಟ್ಟಿಲು ಹತ್ತುವಾಗ ಯಾರಾದರೂ ಎದುರಾದರೆ ಗೋಡೆ ನೋಡುತ್ತಾ ಹತ್ತತೊಡಗಿದರು.

ಆದರೂ ಹತ್ತು ದಿನದಲ್ಲಿ ಒಂದು ಉಪಾಯ ಕೈಗೆ ಹತ್ತಿತು. ಲೆನ್ಸಿನ ಸುತ್ತಲಿನ ಫೋಕಸ್ಸಿನ ಬಳೆಯನ್ನು ಕೈಯಲ್ಲಿ ತಿರುಗಿಸುವಾಗ, ಗುರಿಯಿಟ್ಟ ವಸ್ತು ಸ್ಪಷ್ಟವಾದ ಕ್ಷಣ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಚುಕ್ಕೆ ಬಂತೋ, ಒತ್ತು! ಸಾಹೇಬರು ಆ ಚುಕ್ಕೆಯನ್ನು ದೇವರಂತೆ ನಂಬಿದರು. ಅದು ಯಾವುದರ ಮೇಲೆ ಹೊತ್ತಿಕೊಳ್ಳುತ್ತಿದೆ ಎಂದು ವಿಚಾರಿಸಲು ಹೋಗಲಿಲ್ಲ.

ಪ್ರದರ್ಶನದ ಸಂಜೆ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ ಸಾಹೇಬರದು. ಸಭಾಂಗಣ ಕತ್ತಲಾಯಿತು, ಲಾಂದ್ರ ಹೊತ್ತಿತು, ಹಲಗೆಯ ದೀಪಸ್ತಂಭದ ಮುಂದೆ ಹೆಂಡತಿ ಬಂದು ನಿಂತಳು. ಸಾಹೇಬರು ಬಳೆ ತಿರುಗಿಸಿದರು. ಚುಕ್ಕೆ ಬಂತು, ಠಕ್! ಮತ್ತೆ ತಿರುಗಿಸಿದರು, ಠಕ್! ಒಂದೂವರೆ ಗಂಟೆಯ ನಾಟಕದಲ್ಲಿ ಆರುನೂರ ಹನ್ನೆರಡು ಸಲ ಠಕ್. ನಾಟಕ ಮುಗಿದು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವಾಗಲೂ ಅವರ ಕಣ್ಣು ಕಿಂಡಿಯಲ್ಲೇ ಇತ್ತು. ಬೆಂಕಿಪೊಟ್ಟಣದಷ್ಟಿದ್ದ ಹಿಂಬದಿಯ ಪರದೆಯಲ್ಲಿ ಎಲ್ಲವೂ ಸೊಗಸಾಗಿ ಕಂಡವು. ಒಂದೊಂದೂ ಮುತ್ತು, ನಾಳೆ ಎಲ್ಲರೂ ಮನೆಗೆ ಬನ್ನಿ, ದೊಡ್ಡ ಟಿವಿಯಲ್ಲಿ ತೋರಿಸ್ತೀನಿ ಎಂದು ನಿರ್ದೇಶಕರಿಗೂ ನಟರಿಗೂ ಅಲ್ಲೇ ಆಹ್ವಾನ ಕೊಟ್ಟುಬಿಟ್ಟರು. ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ. ದಣಿದಿದ್ದಾಳೆ ಎಂದುಕೊಂಡು ಸಾಹೇಬರೇ ಇಬ್ಬರ ಪಾಲಿನದನ್ನೂ ಮಾತಾಡಿದರು.

ಮಾರನೇ ದಿನ ಸಂಜೆ ಹಜಾರದ ತುಂಬ ಜನ. ಸೋಫಾದಲ್ಲಿ ಹಲ್ಲಿನ ಡಾಕ್ಟರು, ಕುರ್ಚಿಗಳಲ್ಲಿ ನಟರು, ಮುಳುಗಿದ ನಾವಿಕನ ಪಾತ್ರ ಮಾಡಿದ್ದ ಅಂಚೆಯಣ್ಣ ನೆಲದ ಮೇಲೆ. ಎಲ್ಲರ ಕೈಗೂ ಚಹಾ ಬಂದ ಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡು ಮೊದಲ ಫೋಟೋ ಹಾಕಿದರು.

ಟಿವಿಯ ತುಂಬ ಒಂದು ಬಿರುಕು. ದೀಪಸ್ತಂಭದ ಹಲಗೆಯಲ್ಲಿ ಮೇಲಿನಿಂದ ಕೆಳಗೆ ಇಳಿದ ಬಿರುಕು, ಅದರೊಳಗಿನ ಧೂಳಿನ ಕಣವನ್ನೂ ಎಣಿಸುವಷ್ಟು ಸ್ಪಷ್ಟ. ಅದರ ಮುಂದೆ ಉದ್ದನೆಯ ಹಳದಿ ಮಂಜು. ಮಂಜು ಯಾರೆಂದು ಅಂಚೆಯಣ್ಣ ಕೇಳಿದ. ಹೆಂಡತಿ ತಾನೇ ಎಂದಳು.

ಮೊದಲನೆಯದು ಹಾಗೇ ಎಂದು ಸಾಹೇಬರು ಮುಂದಿನದು ಹಾಕಿದರು. ರಂಗದ ಮೆಟ್ಟಿಲಿನ ಮುರಿದ ಮೂಲೆ. ಅದರ ಮುಂದಿನದು, ಪರದೆಗೆ ಹಾಕಿದ ತೇಪೆ, ಒಂದೊಂದು ಹೊಲಿಗೆಯೂ ಬೇರೆ ಬೇರೆಯಾಗಿ. ಆಮೇಲೆ ನಾವಿಕನ ಅಂಗಿಯಲ್ಲಿ ಗುಂಡಿ ಇಲ್ಲದ ಜಾಗ. ಆಮೇಲೆ ರಂಗದ ಅಂಚಿನಲ್ಲಿ ಅಡಗಿ ನಿಂತಿದ್ದ ನಿರ್ದೇಶಕರ ಕಾಲುಚೀಲದ ತೂತು. ಎಲ್ಲದರಲ್ಲೂ ಅತ್ತಲೋ ಇತ್ತಲೋ ಅದೇ ಹಳದಿ ಮಂಜು ಕೈ ಎತ್ತುತ್ತಿತ್ತು, ಬಾಗುತ್ತಿತ್ತು, ಅಳುತ್ತಿತ್ತು. ಮೊದಮೊದಲು ಎಲ್ಲರೂ ನಕ್ಕರು. ಕ್ಲೇಮು ಎಷ್ಟು ಬರುತ್ತೆ ಸಾಹೇಬ್ರೆ ಎಂದು ಅಂಚೆಯಣ್ಣ ಕೇಳಿದಾಗ ಹಲ್ಲಿನ ಡಾಕ್ಟರು ಬಾಯಿ ಪೂರ್ತಿ ತೆರೆದು ನಕ್ಕರು. ಐವತ್ತನೇ ಫೋಟೋದ ಹೊತ್ತಿಗೆ ನಗು ನಿಂತಿತು. ನೂರರ ಹೊತ್ತಿಗೆ ಯಾರೂ ಹೆಂಡತಿಯ ಕಡೆ ನೋಡುತ್ತಿರಲಿಲ್ಲ, ಎಲ್ಲರೂ ಚಹಾದ ಕಪ್ಪಿನ ತಳವನ್ನೇ ನೋಡುತ್ತಿದ್ದರು.

ಮಂದ ಬೆಳಕಿನಲ್ಲಿ ಸಾಹೇಬರ ಕಣ್ಣು ಹುಡುಕಿಕೊಂಡು ಹೋಗಿದ್ದದ್ದು ತನಗೆ ಗೊತ್ತಿದ್ದದ್ದನ್ನೇ. ಎಲ್ಲಿ ಒಡೆದಿದೆಯೋ ಅಲ್ಲಿ ನಿಂತಿತ್ತು, ಚುಕ್ಕೆಯೂ ಅಲ್ಲೇ ಹೊತ್ತಿಕೊಂಡಿತ್ತು. ಒಂದಾದರೂ ಸಿಗಲಿ, ಮಗಳಿಗೆ ಕಳಿಸಲು ಒಂದೇ ಒಂದು ಸಿಗಲಿ ಎಂದು ಸರಸರನೆ ಮುಂದೆ ಮುಂದೆ ಒತ್ತತೊಡಗಿದರು.

ನಾನೂರ ಚಿಲ್ಲರೆಯಲ್ಲಿ ಅದು ಬಂತು. ಹೆಂಡತಿಯ ಮುಖ. ಲಾಂದ್ರದ ಬೆಳಕು ಒಂದು ಕೆನ್ನೆಯ ಮೇಲೆ, ಕಣ್ಣ ರೆಪ್ಪೆ ಕೂಡ ಎಣಿಸಬಹುದು. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು. ಆದರೆ ಆ ಮುಖ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿತ್ತು, ಬಾಯಿ ಅರ್ಧ ತೆರೆದು ಅಲ್ಲೇ ನಿಂತಿತ್ತು, ಕಣ್ಣಲ್ಲಿ ದಿಗಿಲಿತ್ತು. ಅದು ಅವಳು ಮಾತು ಮರೆತ ಕ್ಷಣ ಎಂದು ಅಲ್ಲಿದ್ದ ನಟರೆಲ್ಲರಿಗೂ ಗೊತ್ತಾಯಿತು. ಕಲ್ಲಿನಂತೆ ನಿಂತುಬಿಟ್ಟಿದ್ದರಿಂದಲೇ ಫೋಕಸ್ಸಿಗೆ ಸಿಕ್ಕಿದ್ದಳು.

ನಷ್ಟ ಕಣ್ಣಿಗೆ ಬಿದ್ದ ಕೂಡಲೇ ಬಾಯಿಗೆ ಬರುವ ಪ್ರಶ್ನೆಯೊಂದಿರುತ್ತದೆ, ವೃತ್ತಿಯ ರೂಢಿ. ಸಾಹೇಬರು ಯೋಚಿಸದೆ, ತಗ್ಗಾದ ಬಾಗಿಲು ತಂದು ನಿಲ್ಲಿಸಿದ ಚಾಲಕನನ್ನು ಕೇಳುವ ದನಿಯಲ್ಲೇ ಕೇಳಿಬಿಟ್ಟರು:

"ಇದು ಹೇಗಾಯ್ತು?"

ಹೆಂಡತಿ ಟಿವಿಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟಳು. ದನಿ ಏರಿಸಲಿಲ್ಲ. ಗ್ರಂಥಾಲಯದಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು.

"ಎಲ್ಲಾ ನಿಶ್ಶಬ್ದ ಇರಬೇಕಾದ ಜಾಗ ಅದು. ಮುಂದಿನ ಸಾಲಲ್ಲಿ ಯಾರೋ ಬಿಡದೆ ಠಕ್ ಠಕ್ ಅನ್ನಿಸ್ತಾ ಇದ್ರು. ಯಾರಪ್ಪಾ ಅಂತ ನೋಡಿದೆ. ನೀವು."

ಹಲ್ಲಿನ ಡಾಕ್ಟರು ಎದ್ದು, ಚಿಕಿತ್ಸಾಲಯದಲ್ಲಿ ಯಾರೋ ಕಾಯುತ್ತಿದ್ದಾರೆ ಎಂದರು. ಉಳಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು. ಅಂಚೆಯಣ್ಣ ಹೋಗುವಾಗ ಹೆಂಡತಿಗೆ, ನೀವು ತಡವರಿಸಿದ್ದು ಯಾರಿಗೂ ಗೊತ್ತಾಗಲಿಲ್ಲ ಅಕ್ಕ, ಬಿರುಗಾಳಿಗೆ ಹೆದರಿದ್ದೀರಿ ಅಂದ್ಕೊಂಡ್ರು ಎಂದ. ಸಾಹೇಬರಿಗೆ ಏನೂ ಹೇಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಾಹೇಬರು ಸೋಫಾದ ತುದಿಯಲ್ಲಿ ಕುಳಿತರು. ಹದಿನೆಂಟು ವರ್ಷ ಇವರ ತಪ್ಪು, ಅವರ ತಪ್ಪು ಎಂದು ಬರೆದ ಕೈ ಅದು. ಈಗ ಬರೆಯಬೇಕಾದ ವರದಿಯಲ್ಲಿ ಗುದ್ದಿದವರೂ ಇವರೇ, ಫೋಟೋ ತೆಗೆದವರೂ ಇವರೇ. ಫೋಟೋ ಎಲ್ಲಿ ಎಂದು ಮಗಳು ಕೇಳಿ, ಹೆಂಡತಿ ಉತ್ತರ ಕೊಡಬೇಕಾಗಿ ಬರುವ ಮೊದಲು ತಾನೇ ಹೇಳಿಬಿಡುವುದು ಎಂದು ನಿಶ್ಚಯಿಸಿ ಹಾಸ್ಟೆಲಿಗೆ ಫೋನು ಮಾಡಿದರು. ಮೋಟಾರಿನಿಂದ ಹಿಡಿದು ಠಕ್‌ವರೆಗೆ ಒಂದನ್ನೂ ಬಿಡದೆ ಒಪ್ಪಿಸಿದರು. ಎದುರುಮನೆಯ ಹೆಂಗಸಿನ ವಿಷಯವನ್ನೂ ಹೇಳಿದರು. ಹೇಳಿ ಮುಗಿಸಿ, ಬೈಗುಳಕ್ಕೆ ಕಣ್ಣು ಮುಚ್ಚಿ ಕಾದರು.

ಮಗಳು ನಗಲೂ ಇಲ್ಲ, ಬೈಯಲೂ ಇಲ್ಲ.

"ಫೋಟೋ ಹೋಗ್ಲಿ ಬಿಡಿ ಅಪ್ಪಾ. ನೀವು ಮುಂದಿನ ಸಾಲಲ್ಲೇ ಕೂತಿದ್ರಲ್ಲ. ಅಮ್ಮ ಹೇಗೆ ಮಾಡಿದ್ಳು, ಅದನ್ನ ಹೇಳಿ. ನೀವು ಹೇಳಿದ್ರೆ ಸಾಕು, ನಂಬ್ತೀನಿ."

ಸಾಹೇಬರು ಹೇಳಲೆಂದು ಬಾಯಿ ತೆರೆದರು. ಹಲಗೆಯ ಬಿರುಕು ನೆನಪಾಯಿತು. ಮೆಟ್ಟಿಲಿನ ಮೂಲೆ ನೆನಪಾಯಿತು. ಹಸಿರು ಚುಕ್ಕೆ ಎಷ್ಟು ಸಲ ಬಂತು ಎಂಬುದು ಲೆಕ್ಕಸಹಿತ ನೆನಪಾಯಿತು. ಒಂದೂವರೆ ಗಂಟೆ ಹೆಂಡತಿಯಿಂದ ನಾಲ್ಕು ಮಾರು ದೂರದಲ್ಲಿ ಕುಳಿತಿದ್ದರೂ, ಬಿರುಗಾಳಿ ಬಂದಾಗ ಅವಳು ಏನು ಮಾಡಿದಳು, ಕೊನೆಯಲ್ಲಿ ದೀಪ ಉಳಿಯಿತೋ ಆರಿತೋ ಎಂಬುದೊಂದೂ ಗೊತ್ತಿರಲಿಲ್ಲ.

"ಅಪ್ಪಾ, ಇದ್ದೀರಾ?" ಎಂದಳು ಮಗಳು.

ಒಂದು ನಿಮಿಷ ಎಂದು ಹೇಳಿ, ಸಾಹೇಬರು ಫೋನಿಗೆ ಅಂಗೈ ಮುಚ್ಚಿ ಎದ್ದರು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಹೆಂಡತಿ ಬೆನ್ನು ತಿರುಗಿಸಿ ಕಪ್ಪು ತೊಳೆಯುತ್ತಿದ್ದಳು. ಎರಡು ಸಲ ಕೆಮ್ಮಿದ ಮೇಲೆ ಮಾತು ಹೊರಟಿತು.

"ಸ್ವಲ್ಪ ಹೇಳ್ತೀಯಾ... ನಾಟಕ ಹೇಗಿತ್ತು?"